ಪಡಸಾಲೆಯ ನಡುವಿನ ಜಾಗ

ರಾಯಚೂರು, ೧೯೮೬

ಅಪ್ಪಾ,

ನೀವಿದ್ದು ಇದನ್ನು ಓದಿದ್ದರೆ ಸಿಟ್ಟಾಗುತ್ತಿದ್ದಿರಿ. ಆದರೂ ಹೇಳುತ್ತೇನೆ: ಇವತ್ತು ನಮ್ಮ ಪಡಸಾಲೆಗೆ, ನೆಲದ ಮೇಲೆಯೇ ನಿಲ್ಲುವ ಸೊಂಟದೆತ್ತರದ ಸ್ಪೀಕರುಗಳು ಬಂದವು.

ರೇಡಿಯೊ ಅಂಗಡಿಯ ಸೈಫುದ್ದೀನ್ ಹೈದರಾಬಾದಿನಿಂದ ಎರಡು ಜೋಡಿ ತರಿಸಿ, ಮನೆಯಲ್ಲೇ ಕೇಳಿ ಆರಿಸಿಕೊಳ್ಳಿ ಎಂದಿದ್ದ. ದೊಡ್ಡ ಜೋಡಿ ನಮ್ಮ ಕಲ್ಲಿನ ನೆಲದ ಮೇಲೆ ಗುಂಯ್‌ಗುಟ್ಟಿತು. ಜಮಖಾನೆ ಹಾಸಿ, ಗೋಡೆಗೆ ಕೌದಿ ತೂಗುಹಾಕಿದರೂ ತಬಲಾ ಹಾಡನ್ನು ನುಂಗುತ್ತಿತ್ತು. ಸೊಂಟದೆತ್ತರದ ಸಣ್ಣ ಜೋಡಿಯಲ್ಲಿ ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

"ದೊಡ್ಡವು ತಗೋ ಯವ್ವಾ," ಎಂದರು ನಿಮ್ಮ ತಮ್ಮ ಕನಕರಾಯ ಕಾಕಾ. "ಓಣಿಗೆಲ್ಲ ಕೇಳಬೇಕು. ನಿಮ್ಮಪ್ಪ ಇದ್ದಿದ್ರ ಅವನ್ನ ತಗೋತಿದ್ದ."

"ಓಣಿಗಲ್ಲ ಕಾಕಾ, ನನಗ ಬೇಕಾಗ್ಯಾವ."

ಸೈಫುದ್ದೀನ್ ನಕ್ಕ. "ಅಕ್ಕಾರ, ನೀವೆಲ್ಲಿ ಕುಂದರತೀರಿ ಹೇಳ್ರಿ. ಅತ್ಲಾಗೇ ಮುಖ ತಿರುಗಿಸಿ ಇಡ್ತೀನಿ."

ನಾನು ಪಡಸಾಲೆಯ ನಡುವನ್ನು ತೋರಿಸಿದೆ.

"ಅದು ಗಂಡಸರು ಕುಂದರೋ ಜಾಗಾ," ಎಂದರು ಕಾಕಾ.

ನಿಜ. ನೀವು ಗೆಳೆಯರೊಂದಿಗೆ ಅಲ್ಲೇ ಕೂತು ರೇಡಿಯೊ ಕೇಳುತ್ತಿದ್ದಿರಿ. ಅವ್ವ ಒಳಬಾಗಿಲ ಹಿಂದೆ ಅಕ್ಕಿ ಆರಿಸುತ್ತ, ಹಾಡು ಬಂದಾಗ ಕೈ ನಿಲ್ಲಿಸುತ್ತಿದ್ದಳು. ಕರೆದಿದ್ದರೆ ಹೊರಗೆ ಬರುತ್ತಿದ್ದಳೇ? ನನಗೆ ಗೊತ್ತಿಲ್ಲ; ಕೇಳೋಣವೆಂದರೆ ಈಗ ಅವಳೂ ಇಲ್ಲ. ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ ನೀವು ಅವಳನ್ನು ಆ ಬಾಗಿಲಿನಿಂದೀಚೆಗೆ ಒಮ್ಮೆಯೂ ಕರೆಯಲಿಲ್ಲ.

ಸಣ್ಣ ಜೋಡಿಯನ್ನೇ ಇಟ್ಟುಕೊಂಡೆ. ನಡುವೆ ಕುರ್ಚಿ ಹಾಕಿಕೊಂಡು ಕೂತು ಕ್ಯಾಸೆಟ್ ಹಚ್ಚಿದೆ. ಓಣಿಯ ಬಾಗಿಲು ತೆರೆದೇ ಇತ್ತು.

"ಸಣ್ಣಗ ಮಾಡಬೇ, ಮಂದಿ ನೋಡಾಕತ್ತಾರ," ಎಂದರು ಕಾಕಾ.

ಸಣ್ಣಗೆ ಮಾಡಲಿಲ್ಲ. ಅವರಿಗೂ ಒಂದು ಕುರ್ಚಿ ಹಾಕಿಕೊಟ್ಟೆ, ಒಳಬಾಗಿಲ ಹತ್ತಿರ.