ರೇಡಿಯೇಟರಿನಲ್ಲಿ ಅರಿಶಿಣ

ಅಕ್ಕಾ,

ನಿನ್ನ ಫೋನು ಹತ್ತಲಿಲ್ಲ, ಅದಕ್ಕೇ ಈ ಚೀಟಿ. ರೋಣಕ್ಕೆ ಹೊರಟ ಕಾರು ಸೂಡಿ ದಾಟುವುದರೊಳಗೆ ಕಾದು, ಹಬೆ ಬಿಟ್ಟು ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದು ತಂದೆ. ತಣ್ಣಗಾದ ಮೇಲೂ ಸ್ಟಾರ್ಟ್ ಆಗುತ್ತಿಲ್ಲ. ಅವ್ವನ ಡಯಾಲಿಸಿಸ್ ತಪ್ಪಬಾರದು, ಈಗಲೇ ಏದುಸಿರು ಬಿಡುತ್ತಿದ್ದಾಳೆ. ಬಸ್ಸಿನಲ್ಲೇ ಕರೆದುಕೊಂಡು ಹೊರಟಿದ್ದೇನೆ.

ನೀನು ಚಾವಿ ತಿರುವಬೇಡ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಾಣುತ್ತದೆ, ಒಳಗೆ ನೀರು ಇಳಿದಿರಬೇಕು. ಸಂಜೆಯ ಮೋಟಾರು ರಿಪೇರಿ ಕ್ಲಾಸಿನಲ್ಲಿ ಕಲಿತದ್ದು ಇಷ್ಟೇ, ತಪ್ಪಿದ್ದರೂ ಇರಬಹುದು. ಗಜೇಂದ್ರಗಡದಿಂದ ದಾವಲಸಾಬ ಮೇಸ್ತ್ರಿ ಕಾರು ನೋಡಲು ಬರುತ್ತಾರೆ. ಅವರಿಂದ ಏನನ್ನೂ ಮುಚ್ಚಿಡಬೇಡ. ರೇಡಿಯೇಟರು ಸೋರುತ್ತದೆಂದು ಅವ್ವ ಅದರೊಳಗೆ ಅರಿಶಿಣ ಸುರಿದಿದ್ದಾಳೆ. ಚಿಟಿಕೆಯಲ್ಲ, ಡಬ್ಬಿ ಪೂರಾ. ಅದೇ ಕಟ್ಟಿಕೊಂಡು ನೀರು ಓಡಾಡಿಲ್ಲ ಅನಿಸುತ್ತದೆ. ಹಬೆ ಏಳುವಾಗಲೂ, "ಸೋರೂದು ನಿಂತೈತಿಲ್ಲೋ ಕನಕಾ? ನಿಮ್ಮ ಮಾವನೂ ಹಿಂಗ ಮಾಡ್ತಿದ್ದ," ಎಂದು ಹಿಗ್ಗುತ್ತಿದ್ದಳು.

ವಾಪಸು ಬರುವಾಗ ಅವಳಿಗೆ ನಿಲ್ಲಲೂ ಆಗುವುದಿಲ್ಲ, ಬಸ್ಸಿನಲ್ಲಿ ಹ್ಯಾಗೆ ತರಲಿ? ಅರ್ಜುನಪ್ಪ ಕಾಕಾನ ಗಾಡಿ ಕೇಳು. ಸಿಟ್ಟು ಬಿಟ್ಟು, ಕೈಮುಗಿದಾದರೂ ಕೇಳು.

ಮೇಸ್ತ್ರಿ ಏನಂದರೆಂದು ಫೋನ್ ಮಾಡು. ಆದರೆ ನನ್ನ ಫೋನಿನ ದನಿ ಹೊರಗೆ ಕೇಳುತ್ತದೆ, ಅವ್ವ ಮಗ್ಗುಲಲ್ಲೇ ಇರುತ್ತಾಳೆ. ತನ್ನಿಂದ ಕೆಟ್ಟಿತೆಂದು ತಿಳಿದರೆ ಇನ್ನು ಡಯಾಲಿಸಿಸ್ಸೇ ಬೇಡ ಅನ್ನುತ್ತಾಳೆ. ಎಂಜಿನ್ ಪೂರಾ ಹೋಗಿದೆ ಎಂದು ಅವರು ಹೇಳಿದರೂ, ನೀನು ಬ್ಯಾಟರಿ ಹೋಗಿದೆ ಅನ್ನು.

ಕನಕರಾಜ