ಆಷಾಢಕ್ಕೆ ತವರಿಗೆ ಹೋದ ಬಿಳಿ ಡಬ್ಬಿ

ಜೂನ್ 8, ಭಾನುವಾರ, ಬೆಳಿಗ್ಗೆ 10

ಎಂದಿನಂತೆ ಟಿವಿ ಮುಂದೆ ತಕರಾರು. ಟಿವಿ ಒಂದು, ಅದಕ್ಕೆ ಜೋಡಿಸಿ ಆಡುವ ಗೇಮ್ ಡಬ್ಬಿ ಎರಡು. ನನ್ನದು ಕರಿಯದು—ಕಾಲೇಜಿನ ಕಾಲದಿಂದಲೂ ಅದೇ ಕಂಪನಿ. ಹೆಂಡತಿ ಪ್ರೀತಿಯದು ಬಿಳಿಯದು, ಎದುರಾಳಿ ಕಂಪನಿಯದು. ಎರಡು ತಿಂಗಳ ಹಿಂದೆ ಮದುವೆಯಾಗಿ ಕಮಲಾಪುರದಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದಾಳೆ.

ಹೆಣ್ಣು ನೋಡಲು ಹೋದಾಗ ಕೇಳಿದ್ದೆ, "ಗೇಮ್ ಆಡ್ತೀರೇನ್ರಿ?" ಹೂಂ ಅಂದಿದ್ದಳು. ಅಷ್ಟಕ್ಕೇ ಕುಣಿದಾಡಿದೆ. ಯಾವ ಕಂಪನಿ ಎಂದು ಕೇಳಬೇಕಿತ್ತು. ಹಿರಿಯರು ಕುಲದ ಬೆಡಗು ಕೇಳಿದರು, ಜಾತಕ ನೋಡಿದರು, ಇದನ್ನು ಯಾರೂ ನೋಡಲಿಲ್ಲ.

ಒಂದರ ಆಟ ಇನ್ನೊಂದರಲ್ಲಿ ಓಡುವುದಿಲ್ಲ. ಕಂಪನಿಗಳ ಪೈಪೋಟಿಯೇ ಅದು—ಆಟ ಬೇಕಾದರೆ ನಮ್ಮ ಡಬ್ಬಿ ಕೊಳ್ಳಿ. ಎಕ್ಸ್‌ಕ್ಲೂಸಿವ್. ನನ್ನದಕ್ಕೆ ಕಾರ್ ರೇಸ್. ಅವಳದಕ್ಕೆ ಡ್ರ್ಯಾಗನ್ ಮರಿ ಸಾಕುವ ಆಟ. ಮರಿ ಸಾಕುವುದೂ ಒಂದು ಆಟವೇ?

ಜೂನ್ 12

ಅಪ್ಪ ನನ್ನ ಕಡೆ. ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವನು. ರೇಸಿನಲ್ಲೂ ಎಡಬದಿ ಬಿಡುವುದಿಲ್ಲ. ಹಿಂದಿನ ಕಾರುಗಳಿಗೆಲ್ಲ ಸೈಡ್ ಕೊಡುತ್ತಾನೆ. ಹನ್ನೆರಡು ಕಾರಿನಲ್ಲಿ ಹನ್ನೆರಡನೆಯವನು.

"ಗಾಡಿಗಿ ಒಂದ್ ಗೀರಾ ಬಿದ್ದಿಲ್ಲ ನೋಡು" ಎಂದು ಎದ್ದು ಚಹಾಕ್ಕೆ ಹೋದ. ಸಂತೃಪ್ತ.

ಇನ್ನು ಅವ್ವನನ್ನು ಸೆಳೆದರೆ ಮೂರಕ್ಕೆ ಒಂದು. ಬಿಳಿಯದು ಅಟ್ಟ ಸೇರುತ್ತದೆ.

ಜೂನ್ 15, ಭಾನುವಾರ

ತಡ ಮಾಡಿದೆ. ಹುಡುಗರಿಗೆ ಟ್ಯೂಷನ್ ಹೇಳಿ ಬರುವಷ್ಟರಲ್ಲಿ ಅವ್ವನ ಕೈಯಲ್ಲಿ ಬಿಳಿಯದರ ಕಂಟ್ರೋಲರ್. ಪರದೆಯ ಮೇಲೆ ಹಸಿರು ಮರಿ. ಹೆಸರೂ ಇಟ್ಟಾಗಿದೆ—ಗುಂಡ್ಯಾ.

"ಅತ್ತಿ, ಅದಕ್ಕ ಮೀನ ಹಾಕ್ರಿ" ಎಂದಳು ಪ್ರೀತಿ.

"ಮೀನ ಯಾಕವ್ವ? ನಮ್ಮನ್ಯಾಗ ಬೆಳಿಯೋ ಕೂಸು. ಹಣ್ಣು ತಿಂತದ."

ಡ್ರ್ಯಾಗನ್ ಸಸ್ಯಾಹಾರಿಯಾಯಿತು. ಈಗ ಬೆಂಕಿ ಉಗುಳಲು ಹೋದರೆ ಬರೀ ಹೊಗೆ ಬರುತ್ತದೆ. ಅವ್ವನಿಗೆ ಅದೇ ಸರಿ ಅನ್ನಿಸಿದೆ. ಮನೆ ಈಗ ಎರಡಕ್ಕೆ ಎರಡು.

ಜೂನ್ 22, ಭಾನುವಾರ

ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಫಕ್ರುದ್ದೀನನ ಅಂಗಡಿಯಿಂದ ಅಡುಗೆ ಆಟ ತಂದೆ. ಕರಿಯದಕ್ಕೆ ಮಾತ್ರ ಬರುವಂಥದ್ದು. ಕರಿ ಡಬ್ಬಿ ಮಾರಿದವನೂ ಫಕ್ರುದ್ದೀನನೇ, ಐದು ವರ್ಷದಿಂದ ಬಿಳಿ ಕಂಪನಿಗೆ ನಾನು ಬೈಯುವುದನ್ನೆಲ್ಲ ಕೇಳಿಸಿಕೊಂಡವನೂ ಅವನೇ.

ಅವ್ವನ ಮುಂದೆ ಆಟ ಹಾಕಿದೆ. ಒಲೆ, ಪಾತ್ರೆ, ಉಳ್ಳಾಗಡ್ಡಿ. ಅವ್ವ ಎರಡು ನಿಮಿಷ ನೋಡಿದಳು.

"ಅರುಣ್ಯಾ, ಬೆಳಗಾದ್ರ ಒಲಿ ಮುಂದ ನಿಂತು ನಿಂತು ಸೊಂಟ ಹೋಗ್ಯದ. ಇಲ್ಲೂ ನಾನೇ ಕುದಸಬೇಕೇನು?"

ಪ್ರೀತಿ ನಕ್ಕಳು. ನನಗೆ ಉರಿದುಹೋಯಿತು. ಆಮೇಲೆ ಅವಳು ಮೆಲ್ಲಗೆ, "ನಂದು ಇಬ್ಬರು ಕೂಡಿ ಆಡೋ ಆಟ ಅದ ರೀ. ಒಂದ್ ಸಲ ಬರ್ರಿ" ಎಂದಳು.

ಹೋಗಬಹುದಿತ್ತು. ಹೋಗಲಿಲ್ಲ. "ಒಂದು ಮನಿಗಿ ಒಂದೇ ಡಬ್ಬಿ ಇರಬೇಕು" ಎಂದೆ. ಅವಳು ಎದ್ದು ಬಿಳಿ ಡಬ್ಬಿಯ ವೈರು ಕಿತ್ತು ಸುತ್ತಿಟ್ಟಳು.

ಜೂನ್ 26, ಗುರುವಾರ

ಆಷಾಢ ಶುರು. ಹೊಸ ಸೊಸೆ ತಿಂಗಳು ತವರಿನಲ್ಲಿರಬೇಕು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಅಳಿಯ ಅತ್ತೆಮನೆ ಮೆಟ್ಟಬಾರದು. ಪ್ರೀತಿ ಹೋದಳು. ಬಿಳಿ ಡಬ್ಬಿಯೂ ಹೋಯಿತು.

ಆಟೋ ಹತ್ತುವಾಗ ಹೇಳಿದಳು, "ಶ್ರಾವಣದಾಗ ಕರಿಲಾಕ ಬಂದ್ರ ಇದನ್ನೂ ಕರೀರಿ. ಇದು ಬ್ಯಾಡಂದ್ರ ನಾನೂ ಅಲ್ಲೇ ಇರ್ತೇನಿ."

ತಮಾಷೆ ಅಂದುಕೊಂಡು ಮುಖ ನೋಡಿದೆ. ನಗುತ್ತಿರಲಿಲ್ಲ.

ಜೂನ್ 30

ಟಿವಿ ಪೂರ್ತಿ ನನ್ನದು. ರೇಸಿನಲ್ಲಿ ಮೂರು ಸಲ ಫಸ್ಟ್ ಬಂದೆ. ಹೇಳಲು ತಿರುಗಿದರೆ ಯಾರೂ ಇಲ್ಲ... ಅಪ್ಪ ಕುರ್ಚಿಯಲ್ಲೇ ಗೊರಕೆ. ಅವಳಿದ್ದಾಗ ಹಿಂದಿನಿಂದ "ಬ್ರೇಕ್ ಅಂತ ಒಂದು ಇರ್ತದ ರೀ" ಎಂದು ಕಾಡುತ್ತಿದ್ದಳು. ಈಗ ಕಾಡುವವರೂ ಇಲ್ಲ. ಗೆದ್ದರೂ ಖುಷಿಯಿಲ್ಲ.

ಅವ್ವ ಪ್ರೀತಿಗೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾಳೆ. ಗುಂಡ್ಯಾ ಉಂಡನೇ, ಮಲಗಿದನೇ. ಇವತ್ತು ಗೊತ್ತಾಯಿತು—ಪ್ರೀತಿಯ ಅವ್ವ ಭಾಗಮ್ಮನವರೂ ಆಟಕ್ಕೆ ಕೂತಿದ್ದಾರೆ. ಗುಂಡ್ಯಾನಿಗೆ ಮೀನು ಹಾಕಿಬಿಟ್ಟಿದ್ದಾರೆ.

ಅವ್ವ ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದಳು.

ಜುಲೈ 5, ಶನಿವಾರ

ಅವ್ವ ಬ್ಯಾಗು ಹಿಡಿದು ನಿಂತಿದ್ದಾಳೆ. ಕಮಲಾಪುರಕ್ಕೆ.

"ಆಷಾಢ ಅದ ಅವ್ವ. ಹೊಸ್ತಿಲಾ ದಾಟಬಾರದು."

"ದಾಟಂಗಿಲ್ಲ. ಬೀಗ್ತಿನ್ನ ಕೇಳೀನಿ. ಅವರ ಹಿತ್ತಲ ಬಾಗಿಲಿಗಿ ಹೊಸ್ತಿಲೇ ಇಲ್ಲಂತ."

ವರ್ಷವಿಡೀ ಪಂಚಾಂಗ ಬಿಟ್ಟು ಅಲುಗಾಡದವಳು. ಅಪ್ಪ ಬಿಟ್ಟುಬಂದ. ಎರಡು ದಿನ ಇರುತ್ತಾಳಂತೆ.

ಜುಲೈ 13, ಭಾನುವಾರ, ಸಂಜೆ 7

ಎರಡು ದಿನ ಎಂಟಾಯಿತು. ಅವ್ವನನ್ನು ಕರೆತರುವ ನೆಪ ಸಿಕ್ಕಿತು. ಹೌದು, ನೆಪವೇ. ಬೆಳಿಗ್ಗೆಯೇ ಹೋದೆ.

ಹಿತ್ತಲ ಬಾಗಿಲಿನ ರಿಯಾಯಿತಿ ಬೀಗತಿಗೆ ಮಾತ್ರವಂತೆ, ಅಳಿಯನಿಗಿಲ್ಲ. ಭಾಗಮ್ಮನವರು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಚಹಾ, ಅವಲಕ್ಕಿ ಚೂಡಾ, ಕೆಂಪು ಬಾಳೆಹಣ್ಣು—ಎಲ್ಲ ಸರಳಿನ ಸಂದಿಯಿಂದ ಬಂತು. ಜೈಲಿಗೆ ಭೇಟಿ ಕೊಡಲು ಹೋದ ಹಾಗೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂಬುದೊಂದೇ ಗೊಂದಲ.

ಪ್ರೀತಿ ಟಿವಿಯನ್ನು ಕಿಟಕಿಯ ಕಡೆ ತಿರುಗಿಸಿದಳು. ಎರಡನೇ ಕಂಟ್ರೋಲರ್ ಸರಳಿನ ಸಂದಿಯಿಂದ ಚಾಚಿದಳು. ತೆಗೆದುಕೊಂಡೆ.

ಆಟದಲ್ಲಿ ಅವಳು ಗುಂಡ್ಯಾ, ನಾನು ಅವನನ್ನು ಮೇಯಿಸುವವನು. ತೂಗುಸೇತುವೆ ದಾಟಬೇಕು. ಒಂಬತ್ತು ಸಲ ನದಿಗೆ ಬಿದ್ದೆ. ಓಣಿಯ ಜನ ಸೇರಿದರು. ಒಬ್ಬರು, "ಅಳಿಯಂದ್ರಿಗಿ ಈಜು ಬರಂಗಿಲ್ಲೇನು?" ಎಂದರು. ಹತ್ತನೇ ಸಲ ಬೀಳುವ ಮೊದಲೇ ಗುಂಡ್ಯಾ ಹಾರಿಬಂದು ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡ. ಪ್ರೀತಿ ಜೋರಾಗಿ ನಕ್ಕಳು. ಆ ನಗು ಕೇಳಿ ಮೂರು ವಾರವಾಗಿತ್ತು.

ಒಳ್ಳೆಯ ಆಟ. ನಮ್ಮ ಕಂಪನಿಗೆ ಇಂಥದ್ದು ಮಾಡಲು ಬಂದಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಹೊರಡುವಾಗ ಹೇಳಿದೆ, "ಶ್ರಾವಣಕ್ಕ ಬಂದು ಇಬ್ಬರನೂ ಕರ್ಕೊಂಡ್ ಹೋಗ್ತೇನಿ. ನಂದು ತಪ್ಪಾಗ್ಯದ."

"ನೋಡೂಣ್ರಿ" ಎಂದಳು. ಆದರೆ ಕಂಟ್ರೋಲರ್ ವಾಪಸ್ ಇಸಿದುಕೊಳ್ಳುವಾಗ ನನ್ನ ಬೆರಳು ಹಿಡಿದಿದ್ದಳು.

ಅವ್ವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. "ಆ ಬೀಗ್ತಿ ಮೀನ ಹಾಕೇ ಹಾಕ್ತಾಳ ನೋಡು."

ಜುಲೈ 22, ಮಂಗಳವಾರ

ಹೊಸ ಸಂಕಟ. ಭಾಗಮ್ಮನವರು ಡಬ್ಬಿ ಬಿಡುತ್ತಿಲ್ಲ. "ಮಗಳನ್ನ ಕರ್ಕೊಂಡ್ ಹೋಗ್ರಿ, ಮರಿ ಇಲ್ಲೇ ಇರ್ಲಿ" ಎನ್ನುತ್ತಾರೆ. ಡಬ್ಬಿ ಬಿಟ್ಟು ಬಂದರೆ ಸೋತು ಬಂದ ಹಾಗೆ ಎಂದು ಪ್ರೀತಿ. ತನ್ನ ಅವ್ವನಿಂದ ಕಿತ್ತುಕೊಂಡು ಬರಲೂ ಅವಳಿಗೆ ಮನಸ್ಸಿಲ್ಲ. ಫೋನಿನಲ್ಲೇ ಅತ್ತಳು.

ತಡೆಯಲಾಗಲಿಲ್ಲ. ಫೋನು ಅತ್ತೆಯವರಿಗೆ ಕೊಡು ಎಂದೆ. "ಅತ್ತಿ, ನನ್ನ ಕರೀದು ನೀವು ಇಟ್ಕೋರಿ." ಹೇಳುವಾಗ ಕರುಳು ಕಿತ್ತುಬಂತು, ಆದರೂ ಹೇಳಿದೆ.

"ಅದ್ರಾಗ ನಮ್ಮ ಮರಿ ಬರ್ತದೇನ್ರಿ?"

ಬರುವುದಿಲ್ಲ. ಎಕ್ಸ್‌ಕ್ಲೂಸಿವ್. ಈ ಪದವನ್ನು ಎಷ್ಟು ವರ್ಷ ಮೆರೆಸಿದೆ ನಾನು.

ಜುಲೈ 25, ಶುಕ್ರವಾರ, ಬೆಳಿಗ್ಗೆ 9.30

ಶ್ರಾವಣ. ಫಕ್ರುದ್ದೀನ್ ಶಟರ್ ಎತ್ತುವುದಕ್ಕೇ ಕಾದಿದ್ದೆ.

"ಬಿಳೀದು ಒಂದು ಕೊಡು ಭಾಯ್. ಮರಿ ಆಟದ ಸಮೇತ."

ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದ. "ಯಾರಿಗಿ?"

"ನಮ್ಮ ಅತ್ತಿಗಿ."

"ಹಾಂ. ಅತ್ತಿಗಿ." ಐದು ವರ್ಷದ ನನ್ನ ಬೈಗುಳವನ್ನೆಲ್ಲ ಆ ಒಂದು ಪದದಲ್ಲಿ ವಾಪಸ್ ಕೊಟ್ಟ. ಚೀಲಕ್ಕೆ ಹಾಕುವಾಗ ಕರಿ ಕಂಪನಿಯ ಚೀಲಕ್ಕೇ ಹಾಕಿದ. ಬೇಕಂತಲೇ.

11.15, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ

ಸೀಟು ಸಿಕ್ಕಿದೆ. ಚೀಲ ಮೇಲಿನ ಕ್ಯಾರಿಯರ್‌ನಲ್ಲಿ. ಪ್ರೀತಿಯ ಫೋನ್ ಬಂತು.

"ಅವ್ವ ಆರತಿ ತಟ್ಟಿ ಹಿಡ್ಕೊಂಡು ಬಾಗಿಲಾಗ ನಿಂತಾಳ ರೀ. ನಿಮಗೋ ಡಬ್ಬಿಗೋ ನಾ ಕೇಳಿಲ್ಲ."

"ನೀ ಎಲ್ಲಿದ್ದಿ?"

"ಬಸ್ ಸ್ಟ್ಯಾಂಡಿನ್ಯಾಗ. ಅರ್ಧ ತಾಸಾತು." ಆಮೇಲೆ ಸೇರಿಸಿದಳು, "ಡಬ್ಬಿ ಸಲುವಾಗಿ ಅಲ್ಲ."

ಪಕ್ಕದವರು ಯಾಕೆ ನಗುತ್ತೀರಿ ಎಂದು ಕೇಳಿದರು.

ಕಮಲಾಪುರ ಬಂತು. ಹಳದಿ ದುಪಟ್ಟಾ—ಅವಳೇ. ಇನ್ನೂ ನನ್ನನ್ನು ನೋಡಿಲ್ಲ, ಬೇರೆ ಬಸ್ಸಿನ ಕಿಟಕಿಗಳಲ್ಲಿ ಒಂದೊಂದಾಗಿ ಹುಡುಕುತ್ತಿದ್ದಾಳೆ. ಕೂಗಬೇಕು. ಇಳಿಯಬೇಕು. ಮೊದಲು ಕೂಗಲೇ, ಇಲ್ಲ ಚೀಲ ಇಳಿಸಲೇ? ಬರೆಯುವುದು ಇಲ್ಲಿಗೇ ಸಾಕು.