ಬೆಚ್ಚಗಿದ್ದ ಚೂರು

ನ್ಯೂ ಬೆಡ್‌ಫರ್ಡ್
ಮಾರ್ಚ್ 1894, ಗುರುವಾರ

ಪ್ರೀತಿಯ ಅಪ್ಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಗೆದ್ದೆ ಅಪ್ಪ, ಗೆದ್ದುಬಿಟ್ಟೆ. ಹೇಗೆ ಗೆದ್ದೆ ಎಂದು ಕೇಳಿದರೆ ನೀವು ಮೂರು ದಿನ ನಗುತ್ತೀರಿ.

ನಮ್ಮ ಧಣಿ ಥ್ಯಾಕ್ಸ್‌ಟರ್ ಸೈಪ್ರಸ್ಸಿನ ಗೋರಿಗಳಿಂದ ತರಿಸಿದ ರೋಮನ್ನರ ಕಾಲದ ಗಾಜಿನ ಚೂರುಗಳನ್ನು ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಕಾಪಾಡುತ್ತಾರೆ. ಎರಡು ಸಾವಿರ ವರ್ಷ ಮಣ್ಣಲ್ಲಿದ್ದು ನವಿಲಿನ ಕತ್ತಿನ ಬಣ್ಣ ಹಿಡಿದ ಗಾಜು. “ಶನಿವಾರದೊಳಗೆ ಆ ಬಣ್ಣ ತಂದ್ಕೊಡು. ಆಗ್ಲಿಲ್ವಾ, ನಿನ್ನ ಕುಲುಮೆ ಮತ್ತೆ ಲಾಟೀನಿನ ಗಾಜು ಊದೋಕೇ” ಎಂದಿದ್ದರು. ಆ ಬಣ್ಣ ಬರಲೆಂದು ಬಿಸಿ ಗಾಜಿಗೆ ತವರದ ಉಪ್ಪಿನ ಹೊಗೆ ಹಿಡಿಸಿ ಹಿಡಿಸಿ ಹನ್ನೊಂದು ಹೂದಾನಿ ಕೆಡಿಸಿದೆ. ಊಟ ಸೇರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹನ್ನೆರಡನೆಯದು ತಣಿಸುವ ಒಲೆಯಿಂದ ಹೊರಬಂತು. ನೀಲಿ, ಹಸಿರು, ಚಿನ್ನ. ಮೈಯೆಲ್ಲ ಆ ಹಳೆಯ ಚೂರುಗಳಂತೆಯೇ ಗುಳ್ಳೆ, ಕುಳಿ. ಅಂದುಕೊಂಡದ್ದಕ್ಕಿಂತ ಚೆಂದ. ಮೇಜಿನ ಮೇಲಿಟ್ಟು ಧಣಿಯನ್ನು ಕರೆಯಲು ಓಡಿದೆ. ತಿರುಗಿ ಬಂದರೆ, ನಿಮ್ಮ ಶಿಷ್ಯ ಹ್ಯಾಪ್‌ಗುಡ್ ನೀವು ತಪಾಸಣೆ ಕೆಲಸ ಬಿಡುವಾಗ ಕೆಟ್ಟ ಗಾಜು ಒಡೆಯಲೆಂದು ಕೊಟ್ಟ ಅದೇ ಸುತ್ತಿಗೆ ಹಿಡಿದು ನಿಂತಿದ್ದ. ಹೂದಾನಿ ಏಳು ಚೂರಾಗಿತ್ತು.

“ಬೂಷ್ಟು ಹಿಡಿದಿತ್ತು ಮಾರಾಯ, ಗುಳ್ಳೆ ಬೇರೆ. ನಿಮ್ಮಪ್ಪ ಇದ್ದಿದ್ರೆ ನನಗಿಂತ ಮೊದ್ಲೇ ಒಡೀತಿದ್ರು” ಎಂದ.

ಸುಳ್ಳಲ್ಲ. ನಾನು ಊದಿದ ಮೊಟ್ಟಮೊದಲ ಬಟ್ಟಲನ್ನು ಸಾಸಿವೆಯಷ್ಟು ಗುಳ್ಳೆಗಾಗಿ ಎಲ್ಲರೆದುರು ಒಡೆದವರು ನೀವು. ಆ ಸಿಟ್ಟು ನನ್ನೊಳಗೆ ಇಂದಿನವರೆಗೂ ಇತ್ತು. ನಿಮಗೆ ಹೇಳಿರಲಿಲ್ಲ ಅಷ್ಟೆ.

ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಧಣಿ ಬಂದರು. ಮೇಜು ನೋಡಿದವರೇ ಕೆಂಡವಾದರು. “ನನ್ನ ಪೆಟ್ಟಿಗೆ ಮುಟ್ಟಿದ್ದು ಯಾರೋ? ಹೋಲಿಸಿ ನೋಡೋಕೆ ಅಂತ ಹೀಗೆ ಬರೀ ಮೇಜಿನ ಮೇಲೆ ಚೆಲ್ಲೋದಾ?” ಎನ್ನುತ್ತ ಒಂದು ಚೂರನ್ನು ಜೋಪಾನವಾಗಿ ಎತ್ತಿಕೊಂಡರು. ಈ ಕೈಯಿಂದ ಆ ಕೈಗೆ ಬದಲಿಸಿದರು. ಕೆನ್ನೆಗೆ ಒತ್ತಿಕೊಂಡರು.

“ಇದು ಬೆಚ್ಚಗಿದೆಯಲ್ಲೋ” ಎಂದರು. ಗೋರಿಯಿಂದ ಬಂದ ಗಾಜು ಬೆಚ್ಚಗಿರುವುದಿಲ್ಲವಲ್ಲ.

ಕುಲುಮೆ ನನ್ನದಾಗಿಯೇ ಉಳಿಯಿತು ಅಪ್ಪ. ಹ್ಯಾಪ್‌ಗುಡ್ ಸುತ್ತಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ನಾನು ಅವನನ್ನು ತಬ್ಬಿಕೊಂಡುಬಿಟ್ಟೆ.

ಒಂದು ಚೂರನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಬಿಸಿಲಿಗೆ ಹಿಡಿದು ನೋಡಿ. ಟ್ಯಾಬಿತಾ ಅಕ್ಕ ಕೊಳೆ ಎಂದು ತಿಕ್ಕಿ ತೊಳೆದಾಳು, ಹುಷಾರು. ಅದರಲ್ಲಿ ಮೂರು ಗುಳ್ಳೆಗಳಿವೆ, ನೋಡಿಯೇ ಆರಿಸಿದೆ. ಒಡೆಯುವ ಶ್ರಮ ನಿಮಗೆ ಬೇಡ, ಅದು ಆಗಲೇ ಮುಗಿದಿದೆ.

ದೇವರು ನಿಮ್ಮ ಕೆಮ್ಮನ್ನು ಇಳಿಸಲಿ, ಕಣ್ಣನ್ನು ಮಾತ್ರ ಹಾಗೇ ಚುರುಕಾಗಿ ಇಟ್ಟಿರಲಿ.

ನಿಮ್ಮ ಮಗ,
ಈನಾಕ್